ತಾಮ್ರದ ಗುಡ್ಡದ ಮೇಲಿನ ಊರು: ಮೊಂಟಾನಾದ ಬ್ಯೂಟ್

ಗುರುವಾರ

ಅಮೆರಿಕದ ಮೊಂಟಾನಾ ರಾಜ್ಯದ ಬೋಝ್‌ಮನ್‌ನಿಂದ ಐ-90 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಹೋಮ್‌ಸ್ಟೇಕ್ ಪಾಸ್ ಅನ್ನೋ ಘಟ್ಟ ಸಿಗುತ್ತದೆ. ಅಮೆರಿಕದ ನೀರು ಇಬ್ಭಾಗವಾಗುವ ಗೆರೆ ಇದು. ಘಟ್ಟದ ಪೂರ್ವಕ್ಕೆ ಬಿದ್ದ ಮಳೆ ಮಿಸೌರಿ ನದಿ ಸೇರಿ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕೊಲಂಬಿಯಾ ನದಿಯ ಮೂಲಕ ಪೆಸಿಫಿಕ್ ಸಾಗರಕ್ಕೆ. ಘಟ್ಟ ಇಳಿಯುವಾಗ ಮೊದಲು ಕಾಣುವುದು ಊರಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೂದು, ಹಳದಿ, ಕೆಂಪು ಬಣ್ಣದ ಗುಡ್ಡ. ಅದರ ಪಕ್ಕದಲ್ಲಿ ಇಟ್ಟಿಗೆ ಕಟ್ಟಡಗಳು. ಅವುಗಳ ನಡುನಡುವೆ ಎದ್ದು ನಿಂತ ಕಪ್ಪು ಕಬ್ಬಿಣದ ಗೋಪುರಗಳು.

ಆ ಗೋಪುರಗಳನ್ನು ನೋಡುತ್ತಿದ್ದ ಹಾಗೇ ಹಿಂದಿನ ಸೀಟಿನಲ್ಲಿದ್ದ ಚಿಕ್ಕಪ್ಪ ಮುಂದಕ್ಕೆ ಬಾಗಿದರು. "ನೋಡಮ್ಮ, ಅದು ಶಾಫ್ಟ್. ಅಲ್ಲೊಂದು. ಅಗೋ, ಅಲ್ಲಿ ಇನ್ನೊಂದು" ಅಂತ ಎಣಿಸತೊಡಗಿದರು. ಶಾಫ್ಟ್ ಅಂದರೆ ಗಣಿಗೆ ನೆಟ್ಟಗೆ ಇಳಿಯುವ ಬಾವಿ, ಗೋಪುರ ನಿಂತಿರುವುದು ಅದರ ಬಾಯಿಯ ಮೇಲೆ. ಕೋಲಾರದ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು ಅವರು. ಜನರನ್ನೂ ಅದಿರನ್ನೂ ಪಾತಾಳದಿಂದ ಮೇಲಕ್ಕೆ ಎಳೆಯುವ ಕೆಲಸ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ ಅಲ್ಲೇ ಇದ್ದರು. ನಮ್ಮನ್ನು ನೋಡಲು ಅಮೆರಿಕಕ್ಕೆ ಬಂದಿದ್ದಾರೆ. ಗ್ರ್ಯಾಂಡ್ ಕ್ಯಾನ್ಯನ್, ಲಾಸ್ ವೇಗಸ್ ಎಲ್ಲ ಬಿಟ್ಟು ಬ್ಯೂಟ್‌ಗೆ ಕರೆದುಕೊಂಡು ಬಂದಿದ್ದು ಅದಕ್ಕೇ.

ಬ್ಯೂಟ್ ಸಣ್ಣ ಊರು. 2020ರ ಜನಗಣತಿಯ ಪ್ರಕಾರ ಬ್ಯೂಟ್ ಮತ್ತು ಅದು ಸೇರಿರುವ ಸಿಲ್ವರ್ ಬೋ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಒಟ್ಟು ಜನಸಂಖ್ಯೆ 35,133. ಸರಿಯಾಗಿ ನೂರು ವರ್ಷ ಹಿಂದೆ, 1920ರಲ್ಲಿ, ಇದೇ ಕೌಂಟಿಯಲ್ಲಿ 60,313 ಜನ ಇದ್ದರು. 1977ರಲ್ಲಿ ಊರಿನ ಮತ್ತು ಕೌಂಟಿಯ ಆಡಳಿತ ಒಂದಾಯಿತು. ಹಾಗಾಗಿ ಊರಿನ ಹಳೆಯ ಅಂಕಿ, ಹೊಸ ಅಂಕಿ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಕೌಂಟಿಯ ಲೆಕ್ಕವನ್ನೇ ಹಿಡಿಯಬೇಕು. 1970ರಲ್ಲಿ ಹಳೆಯ ಊರಿನ ಗಡಿಯೊಳಗೆ ಉಳಿದಿದ್ದವರು ಬರೀ 23,368 ಜನ.

1917ರ ಸುಮಾರಿಗೆ ಇಲ್ಲಿ ಲಕ್ಷ ಜನ ಇದ್ದರು ಅಂತ ಊರಿನವರು ಹೇಳುವುದುಂಟು. ಜನಗಣತಿಯಲ್ಲಿ ಅಷ್ಟು ಕಾಣುವುದಿಲ್ಲ. ಆದರೆ ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಬೋರ್ಡಿಂಗ್ ಮನೆಗಳಲ್ಲಿ ಒಂದೇ ಹಾಸಿಗೆಯನ್ನು ಬೇರೆ ಬೇರೆ ಪಾಳಿಯ ಗಂಡಸರು ಹಂಚಿಕೊಳ್ಳುತ್ತಿದ್ದರು. ಒಬ್ಬ ಎದ್ದು ಗಣಿಗೆ ಹೋದರೆ ಇನ್ನೊಬ್ಬ ಬಂದು ಮಲಗುತ್ತಿದ್ದ. ವಾರಗಟ್ಟಲೆ ದುಡಿದು ಬೇರೆ ಊರಿಗೆ ಹೋದವರೆಷ್ಟೋ. ಅಂಥವರನ್ನೆಲ್ಲ ಎಣಿಸಿದವರು ಯಾರು?

ಸಂಜೆ ಅಪ್‌ಟೌನ್‌ನಲ್ಲಿ ನಡೆದೆವು. ಬೇರೆ ಊರುಗಳಲ್ಲಿ ಪೇಟೆಗೆ ಡೌನ್‌ಟೌನ್ ಅನ್ನುತ್ತಾರೆ. ಇಲ್ಲಿ ಪೇಟೆ ಗುಡ್ಡದ ಮೇಲಿದೆ, ಹೊಸ ಬಡಾವಣೆಗಳು ಕೆಳಗಿನ ಬಯಲಿನಲ್ಲಿವೆ. ರಸ್ತೆಗಳಿಗೆ ಕ್ವಾರ್ಟ್ಸ್, ಗ್ರಾನೈಟ್, ಗಲೀನಾ, ಮರ್ಕ್ಯುರಿ, ಸಿಲ್ವರ್, ಪೋರ್ಫಿರಿ, ಪ್ಲಾಟಿನಂ ಅಂತೆಲ್ಲ ಹೆಸರು. ಕಲ್ಲು, ಅದಿರು, ಲೋಹ. ಆರೇಳು ಮಹಡಿಯ ಇಟ್ಟಿಗೆ ಕಟ್ಟಡಗಳು, ಗೋಡೆಯ ಮೇಲೆ ಮಸುಕಾದ ಹಳೆಯ ಜಾಹೀರಾತುಗಳು. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಕಟ್ಟಡಗಳು ಯಾಕೆ ಬೇಕಿತ್ತು ಅನ್ನಿಸುತ್ತದೆ. ಎಷ್ಟೋ ಕಿಟಕಿಗಳ ಹಿಂದೆ ಯಾರೂ ಇಲ್ಲ. ಜೂನ್ ತಿಂಗಳು, ಒಂಬತ್ತು ಗಂಟೆಯಾದರೂ ಬೆಳಕಿತ್ತು. ಕತ್ತಲಾದ ಮೇಲೆ ಗುಡ್ಡದ ಗೋಪುರಗಳಿಗೆ ಕೆಂಪು ದೀಪ ಹಾಕಿದರು. ಚಿಕ್ಕಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಮ್ಮಲ್ಲಿ ಇವನ್ನು ಗುಜರಿಗೆ ಹಾಕುವ ಮಾತು ಬರುತ್ತಲೇ ಇರುತ್ತೆ" ಅಂದರು.

ಶುಕ್ರವಾರ

ಬೆಳಿಗ್ಗೆ ವರ್ಲ್ಡ್ ಮ್ಯೂಸಿಯಂ ಆಫ್ ಮೈನಿಂಗ್‌ಗೆ ಹೋದೆವು. ಆರ್ಫನ್ ಗರ್ಲ್ ಅನ್ನುವ ಹಳೆಯ ಗಣಿಯ ಅಂಗಳದಲ್ಲೇ ಈ ಮ್ಯೂಸಿಯಂ ಇದೆ. 1956ರ ತನಕ ಇಲ್ಲಿ ಬೆಳ್ಳಿ, ಸತು, ಸೀಸ ತೆಗೆಯುತ್ತಿದ್ದರು. ತಲೆಗೆ ಹೆಲ್ಮೆಟ್, ಅದಕ್ಕೊಂದು ದೀಪ ಹಾಕಿಕೊಂಡು ನೆಲದಡಿಗೆ ಇಳಿಯಬಹುದು. ನೂರು ಅಡಿಯ ಮಟ್ಟಕ್ಕಿಂತ ಕೆಳಗೆ ಬಿಡುವುದಿಲ್ಲ. ಶಾಫ್ಟಿನ ಕೆಳಭಾಗವೆಲ್ಲ ನೀರು ತುಂಬಿದೆ.

ಗಂಟೆಯ ಸಂಕೇತಗಳ ಹಲಗೆ ಕಂಡ ಕೂಡಲೇ ಚಿಕ್ಕಪ್ಪನ ಮುಖ ಅರಳಿತು. ಜನರನ್ನು ಇಳಿಸಿ ಏರಿಸುವ ಕೇಜ್ ನಿಲ್ಲಿಸಲು ಎಷ್ಟು ಗಂಟೆ, ಇಳಿಸಲು ಎಷ್ಟು, ಜನ ಇದ್ದಾರೆ ನಿಧಾನ ಅನ್ನಲು ಎಷ್ಟು ಅಂತ ಗೈಡ್ ಹೇಳತೊಡಗಿದರು. ಚಿಕ್ಕಪ್ಪ ತಮ್ಮ ಕಡೆಯ ಸಂಕೇತಗಳನ್ನು ಹೇಳಿದರು. ನಾನು ನಡುವೆ ನಿಂತು ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ ಮಾತು ದಾಟಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಅಗತ್ಯವೇ ಇರಲಿಲ್ಲ. ಕೈಯಲ್ಲೇ ತೋರಿಸಿಕೊಂಡು ಇಬ್ಬರೂ ಮಾತಾಡುತ್ತಿದ್ದರು.

ಇದಕ್ಕೊಂದು ಕಾರಣವೂ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ತಾಮ್ರ, ತವರದ ಗಣಿಗಳು 19ನೇ ಶತಮಾನದ ಉತ್ತರಾರ್ಧದಲ್ಲಿ ಸೊರಗಿದವು. ಅಲ್ಲಿನ ನುರಿತ ಗಣಿಗಾರರು ಜಗತ್ತಿನ ಮೂಲೆ ಮೂಲೆಗೆ ಚದುರಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರಕ್ಕೆ ಕಾಲಿಟ್ಟಾಗ ಅಂಥವರನ್ನೇ ತಂದಿತು. ಅದೇ ಕಾಲಕ್ಕೆ ಅವರ ಅಣ್ಣತಮ್ಮಂದಿರಂಥವರು ಬ್ಯೂಟ್‌ಗೂ ಬಂದರು. ಆಳ ಶಾಫ್ಟ್ ಕೊರೆಯುವ ವಿದ್ಯೆ ಎರಡೂ ಊರಿಗೆ ಒಂದೇ ಮನೆಯಿಂದ ಬಂದದ್ದು. ಬ್ಯೂಟ್‌ನಲ್ಲಿ ಅವರು ಬಿಟ್ಟುಹೋದ ತಿಂಡಿ ಇವತ್ತಿಗೂ ಇದೆ. ಪೇಸ್ಟಿ ಅಂತ ಹೆಸರು. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಮಡಿಸಿ ಬೇಯಿಸಿದ ಕಡುಬು. ಗಣಿಯೊಳಗೆ ಕೈಯಲ್ಲೇ ಹಿಡಿದು ತಿನ್ನಲು ಸುಲಭ. ನನ್ನ ಗಂಡ ಎರಡು ತಿಂದರು. ಚಿಕ್ಕಪ್ಪ ಸಸ್ಯಾಹಾರಿ, ನೋಡಿ ಮೆಚ್ಚಿದರು.

ಊರಿನ ಕಥೆ ಶುರುವಾಗುವುದು ಚಿನ್ನದಿಂದ. 1864ರಲ್ಲಿ ಸಿಲ್ವರ್ ಬೋ ಹಳ್ಳದ ಮರಳಿನಲ್ಲಿ ಚಿನ್ನದ ಕಣಗಳು ಸಿಕ್ಕವು. ಅದು ಬೇಗ ಮುಗಿಯಿತು. 1870ರ ದಶಕದಲ್ಲಿ ಬೆಳ್ಳಿ ಬಂತು. ಐರ್ಲೆಂಡಿನ ಕ್ಯಾವನ್ ಸೀಮೆಯಿಂದ ಹುಡುಗನಾಗಿದ್ದಾಗಲೇ ಹಡಗು ಹತ್ತಿ ಬಂದಿದ್ದ ಮಾರ್ಕಸ್ ಡೇಲಿ 1880ರಲ್ಲಿ ಅನಕೊಂಡ ಅನ್ನುವ ಬೆಳ್ಳಿ ಗಣಿಯನ್ನು ಹಿಡಿದ. ಅವನ ಹಿಂದೆ ಕ್ಯಾಲಿಫೋರ್ನಿಯಾದ ಹರ್ಸ್ಟ್, ಹ್ಯಾಗಿನ್, ಟೆವಿಸ್ ಅವರ ಹಣ ಇತ್ತು. 1882ರಲ್ಲಿ ಸುಮಾರು 300 ಅಡಿ ಕೆಳಗೆ ಸಿಕ್ಕಿದ್ದು ತಾಮ್ರ, ಅದೂ ಬಲು ಸಮೃದ್ಧ ಪದರ.

ಇಸವಿಯನ್ನು ಗಮನಿಸಿ. ಅದೇ 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ತೆರೆದ. ದೀಪ, ಟೆಲಿಗ್ರಾಫ್, ಟೆಲಿಫೋನ್, ಟ್ರಾಮ್ ಎಲ್ಲಕ್ಕೂ ತಾಮ್ರದ ತಂತಿ ಬೇಕು. ಹತ್ತಾರು ವರ್ಷಗಳಲ್ಲಿ ಈ ಒಂದು ಗುಡ್ಡ ಜಗತ್ತಿನ ತಾಮ್ರದ ಸುಮಾರು ಕಾಲು ಭಾಗ ಕೊಡತೊಡಗಿತು. 'ಭೂಮಿಯ ಮೇಲಿನ ಅತಿ ಶ್ರೀಮಂತ ಗುಡ್ಡ' ಅಂತ ಇದಕ್ಕೆ ಬಿರುದು. ಮೌಂಟನ್ ಕಾನ್ ಗಣಿಯ ಗೋಪುರದ ಮೇಲೆ 'ಮೈಲಿ ಎತ್ತರ, ಮೈಲಿ ಆಳ' ಅಂತ ಬರೆದಿದೆ. ಊರು ಇರುವುದು ಸಮುದ್ರಮಟ್ಟದಿಂದ ಒಂದು ಮೈಲಿ ಮೇಲೆ. ಗಣಿ ಇಳಿದದ್ದೂ ಒಂದು ಮೈಲಿ.

ದುಡ್ಡು ಯಾರಿಗೆ ಹೋಯಿತು ಅನ್ನುವುದು ಗ್ರಾನೈಟ್ ಸ್ಟ್ರೀಟ್‌ನ ಒಂದು ಮನೆಯಲ್ಲಿ ಕಾಣುತ್ತದೆ. ಇನ್ನೊಬ್ಬ ತಾಮ್ರದ ದೊರೆ ವಿಲಿಯಂ ಕ್ಲಾರ್ಕ್ 1880ರ ದಶಕದಲ್ಲಿ ಕಟ್ಟಿಸಿದ 34 ಕೋಣೆಗಳ ಮಹಲು. ಡೇಲಿ ಮತ್ತು ಕ್ಲಾರ್ಕ್ ಬದ್ಧ ವೈರಿಗಳು. 1894ರಲ್ಲಿ ರಾಜ್ಯದ ರಾಜಧಾನಿ ಎಲ್ಲಿರಬೇಕು ಅಂತ ಮತದಾನ ನಡೆದಾಗ ಡೇಲಿ ತನ್ನ ಅನಕೊಂಡ ಪಟ್ಟಣಕ್ಕೆ ಹಣ ಸುರಿದ, ಕ್ಲಾರ್ಕ್ ಹೆಲೆನಾಕ್ಕೆ ಸುರಿದ. ಹೆಲೆನಾ ಗೆದ್ದಿತು. ಕ್ಲಾರ್ಕ್‌ಗೆ ಸೆನೆಟ್ ಸದಸ್ಯನಾಗುವ ಆಸೆ. ಆಗ ಸೆನೆಟರುಗಳನ್ನು ಆರಿಸುತ್ತಿದ್ದದ್ದು ಶಾಸಕರು. ಅವರಿಗೆ ಲಂಚ ಕೊಟ್ಟ ಹಗರಣ ಹೊರಬಿದ್ದು 1900ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಮರು ವರ್ಷ ಮತ್ತೆ ಆರಿಸಿ ಬಂದ! ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಗೆ ಇವನದೇ ಹೆಸರು.

ಮೂರನೆಯವನು ಅಗಸ್ಟಸ್ ಹೈನ್ಸ್. ಅದಿರಿನ ಪದರ ಯಾರ ಜಾಗದಲ್ಲಿ ನೆಲದ ಮೇಲಕ್ಕೆ ಬರುತ್ತದೋ, ಅವನು ಅದನ್ನು ಪಕ್ಕದವನ ಜಾಗದಡಿಗೂ ಹಿಂಬಾಲಿಸಿಕೊಂಡು ಹೋಗಬಹುದು ಅಂತ ಆಗಿನ ಕಾನೂನು. ಹೈನ್ಸ್ ಈ ಒಂದು ಎಳೆ ಹಿಡಿದು ಅನಕೊಂಡ ಗಣಿಗಳ ಮೇಲೆ ಮೊಕದ್ದಮೆ ಮೇಲೆ ಮೊಕದ್ದಮೆ ಹೂಡಿದ. ಅಷ್ಟರಲ್ಲಿ ಆ ಗಣಿಗಳು ಸ್ಟ್ಯಾಂಡರ್ಡ್ ಆಯಿಲ್‌ನ ದೊಡ್ಡವರು 1899ರಲ್ಲಿ ಕಟ್ಟಿದ ಅಮಾಲ್ಗಮೇಟೆಡ್ ಕಾಪರ್ ಕಂಪನಿಯ ಕೈ ಸೇರಿದ್ದವು. ಕೋರ್ಟಿನಲ್ಲಿ ಸೋತ ಕಂಪನಿ 1903ರ ಅಕ್ಟೋಬರ್‌ನಲ್ಲಿ ಏನು ಮಾಡಿತು ಗೊತ್ತಾ? ಗಣಿ, ಕುಲುಮೆ, ಎಲ್ಲಕ್ಕೂ ಬೀಗ ಹಾಕಿತು. ಚಳಿಗಾಲ ಎದುರಿಗಿತ್ತು. ಸಾವಿರಾರು ಕುಟುಂಬಗಳ ಕೂಲಿ ನಿಂತಿತು. ಗವರ್ನರ್ ವಿಶೇಷ ಅಧಿವೇಶನ ಕರೆದು, ಕಂಪನಿಗೆ ಬೇಡವಾದ ನ್ಯಾಯಾಧೀಶರನ್ನು ಬದಲಾಯಿಸಿಕೊಳ್ಳಲು ಕಾನೂನು ತಂದಮೇಲೆಯೇ ಬೀಗ ತೆಗೆದರು. ಒಂದು ರಾಜ್ಯದ ಶಾಸನಸಭೆಯನ್ನು ಒಂದು ಕಂಪನಿ ಹೀಗೆ ಕುಣಿಸಬಹುದು ಅಂತ ಓದಿದರೆ ಈಗಲೂ ಸಿಟ್ಟು ಬರುತ್ತದೆ. 1906ರಲ್ಲಿ ಹೈನ್ಸ್ ಎಲ್ಲ ಮಾರಿ ಹೊರಟುಹೋದ. ಆಮೇಲೆ ಇಲ್ಲಿ ಉಳಿದದ್ದು ಒಂದೇ ಯಜಮಾನಿಕೆ. ಮುಂದೆ ಅನಕೊಂಡ ಕಂಪನಿ ಅನ್ನಿಸಿಕೊಂಡ ಅದನ್ನು ಜನ ಬರೀ 'ಕಂಪನಿ' ಅನ್ನುತ್ತಿದ್ದರು. ರಾಜ್ಯದ ಮುಖ್ಯ ಪತ್ರಿಕೆಗಳೂ 1959ರ ತನಕ ಅದರ ಕೈಯಲ್ಲೇ ಇದ್ದವು.

ರಾತ್ರಿ ಊಟಕ್ಕೆ ಪೀಕಿನ್ ನೂಡಲ್ ಪಾರ್ಲರ್. 1911ರಿಂದ ಒಂದೇ ಮನೆತನದವರು ನಡೆಸುತ್ತಿರುವ ಚೀನೀ ಹೋಟೆಲು. ಮೆಟ್ಟಿಲು ಹತ್ತಿ ಹೋದರೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಗೂಡುಗಳು, ಪ್ರತಿಯೊಂದಕ್ಕೂ ಪರದೆ. 1890ರ ದಶಕದಲ್ಲಿ ಊರಿನ ಕಾರ್ಮಿಕ ಸಂಘಗಳು ಚೀನೀಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದ್ದವು. ಚೀನೀ ವ್ಯಾಪಾರಿಗಳು ಫೆಡರಲ್ ಕೋರ್ಟಿಗೆ ಹೋಗಿ ಗೆದ್ದರು. ಕಾರ್ಮಿಕರ ಕೋಟೆ ಅಂತ ಹೆಸರಾದ ಊರಿನ ಇತಿಹಾಸದಲ್ಲಿ ಇದೂ ಇದೆ. ಪಕ್ಕದಲ್ಲೇ ಇರುವ ಮೈ ವಾ ಮ್ಯೂಸಿಯಂ ಈ ಕಥೆಯನ್ನು ಮುಚ್ಚಿಡದೆ ಹೇಳುತ್ತದೆ. ಅದು ನನಗೆ ಇಷ್ಟವಾಯಿತು.

ಶನಿವಾರ

ಬೆಳಿಗ್ಗೆ ಗ್ರಾನೈಟ್ ಮೌಂಟನ್ ಸ್ಮಾರಕಕ್ಕೆ ಹೋದೆವು. ಊರಿನ ಉತ್ತರಕ್ಕೆ, ಗುಡ್ಡದ ಮೇಲೆ. ಬ್ಯೂಟ್‌ಗೆ ಬಂದವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು.

1917ರ ಜೂನ್ 8. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದು ಎರಡು ತಿಂಗಳು. ಗುಂಡಿಗೂ ತಂತಿಗೂ ತಾಮ್ರ ಬೇಕು, ಗಣಿಗಳು ಹಗಲು ರಾತ್ರಿ ನಡೆಯುತ್ತಿದ್ದವು. ಬೆಂಕಿ ಆರಿಸುವ ವ್ಯವಸ್ಥೆಗೆ ಅಂತ ಗ್ರಾನೈಟ್ ಮೌಂಟನ್ ಶಾಫ್ಟಿನೊಳಗೆ ದಪ್ಪ ವಿದ್ಯುತ್ ಕೇಬಲ್ ಇಳಿಸುತ್ತಿದ್ದರು. ಕೇಬಲ್ ಕೈತಪ್ಪಿ ಬಿತ್ತು. ಅದರ ಎಣ್ಣೆ ಹೀರಿದ ಹೊದಿಕೆ ಹರಿದು ಹೋಯಿತು. ನೋಡಲು ಇಳಿದ ಮೇಲ್ವಿಚಾರಕರ ಕಾರ್ಬೈಡ್ ದೀಪದ ಜ್ವಾಲೆ ಅದಕ್ಕೆ ತಗುಲಿತು. ಗಾಳಿ ಒಳಗೆಳೆಯುವ ಶಾಫ್ಟ್ ಅದು. ಹೊಗೆ, ವಿಷಗಾಳಿ ಕ್ಷಣದಲ್ಲಿ ಪಕ್ಕದ ಸ್ಪೆಕ್ಯುಲೇಟರ್ ಗಣಿಗೂ ನುಗ್ಗಿತು. 168 ಜನ ಸತ್ತರು. ಅಮೆರಿಕದ ಲೋಹದ ಗಣಿಗಳಲ್ಲಿ ಇಷ್ಟು ಜನ ಒಟ್ಟಿಗೆ ಸತ್ತದ್ದು ಬೇರೆ ಎಲ್ಲೂ ಇಲ್ಲ.

ಬೆಂಕಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಂದಿತು. ಮಾನಸ್ ಡಗ್ಗನ್ ಅನ್ನುವ ಕಾರ್ಮಿಕ ತನ್ನ ಜೊತೆಗಿದ್ದವರನ್ನೆಲ್ಲ ಒಂದು ಸುರಂಗದ ಕೊನೆಗೆ ಕರೆದೊಯ್ದು, ಹಲಗೆ, ಮಣ್ಣು, ಮೈಮೇಲಿನ ಬಟ್ಟೆ ಎಲ್ಲ ತುರುಕಿ ಹೊಗೆ ಬಾರದಂತೆ ಗೋಡೆ ಕಟ್ಟಿದ. ಕತ್ತಲಲ್ಲಿ ಹೆಂಡತಿಗೆ ಚೀಟಿ ಬರೆದ. ಅವನ ಗೋಡೆಯಿಂದಾಗಿ 25 ಜನ ಬದುಕಿದರು. ಅವನು ಬದುಕಲಿಲ್ಲ. ಅವನೂ ಇನ್ನು ಕೆಲವರೂ ಕತ್ತಲಲ್ಲಿ ಬರೆದ ಮಾತುಗಳು ಸ್ಮಾರಕದಲ್ಲಿವೆ. ಹಲವು ದೇಶಗಳ ಬಾವುಟಗಳು ಹಾರುತ್ತವೆ. ಐರಿಶ್, ಕಾರ್ನಿಷ್, ಫಿನ್ನಿಷ್, ಸರ್ಬಿಯನ್, ಕ್ರೊಯೇಷಿಯನ್, ಇಟಾಲಿಯನ್. ಗಣಿಯಲ್ಲಿ 'ಸಿಗರೇಟು ಸೇದಬಾರದು' ಅನ್ನುವ ಫಲಕವನ್ನೇ 16 ಭಾಷೆಗಳಲ್ಲಿ ಬರೆಯಬೇಕಾಗಿತ್ತಂತೆ. ಅಲ್ಲಿ ಹೆಸರುಗಳನ್ನು ಓದುತ್ತಾ ನಾವು ಬಹಳ ಹೊತ್ತು ನಿಂತೆವು.

ದುರಂತವಾದ ಕೆಲವೇ ದಿನಗಳಲ್ಲಿ ಮುಷ್ಕರ ಶುರುವಾಯಿತು. ಸುರಂಗಗಳ ನಡುವಿನ ಕಾಂಕ್ರೀಟ್ ಗೋಡೆಗಳಿಗೆ ಬಾಗಿಲಿರಲಿಲ್ಲ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ ಅನ್ನುವುದು ಒಂದು ದೂರು. ಇನ್ನೊಂದು ದೂರು ರಸ್ಲಿಂಗ್ ಕಾರ್ಡ್. 1912ರಿಂದ ಕೆಲಸ ಕೇಳುವವನು ಮೊದಲು ಕಂಪನಿಯ ಕಚೇರಿಯಿಂದ ಈ ಕಾರ್ಡ್ ಪಡೆಯಬೇಕಿತ್ತು. ಸಂಘ ಕಟ್ಟುವವನಿಗೆ ಕಾರ್ಡ್ ಇಲ್ಲ, ಕಾರ್ಡ್ ಇಲ್ಲದವನಿಗೆ ಕೆಲಸ ಇಲ್ಲ. ಇದನ್ನು ಕೇಳಿ ಚಿಕ್ಕಪ್ಪ, "ನಮ್ಮಲ್ಲೂ ಹೆಬ್ಬೆಟ್ಟಿನ ಗಲಾಟೆ ಆಗಿತ್ತು ಅಂತ ಹಿರಿಯರು ಹೇಳುತ್ತಿದ್ದರು" ಅಂದರು. ನಿಜ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ನಿಯಮದ ವಿರುದ್ಧ ಕೆಜಿಎಫ್‌ನಲ್ಲಿ ದೊಡ್ಡ ಮುಷ್ಕರವೇ ನಡೆದಿತ್ತು. ಕೆಲಸಗಾರನನ್ನು ಗುರುತು ಹಾಕಿಟ್ಟುಕೊಳ್ಳುವ ಆಸೆ ಎರಡೂ ಕಡೆಯ ಆಡಳಿತಕ್ಕಿತ್ತು.

ಬ್ಯೂಟ್‌ನಲ್ಲಿ ಸಂಘ ಹುಟ್ಟಿದ್ದು 1878ರಲ್ಲಿ. ದಿನಗೂಲಿಯನ್ನು ಮೂರೂವರೆ ಡಾಲರಿನಿಂದ ಮೂರಕ್ಕೆ ಇಳಿಸಲು ಹೊರಟಾಗ ಕಾರ್ಮಿಕರು ಒಟ್ಟಾದರು. 1893ರಲ್ಲಿ ಇಡೀ ಪಶ್ಚಿಮದ ಗಣಿ ಕಾರ್ಮಿಕರ ಒಕ್ಕೂಟ, ವೆಸ್ಟರ್ನ್ ಫೆಡರೇಶನ್ ಆಫ್ ಮೈನರ್ಸ್, ಇಲ್ಲೇ ಸ್ಥಾಪನೆಯಾಯಿತು. ಆದರೆ 1914ರಲ್ಲಿ ಕಾರ್ಮಿಕರ ಒಳಜಗಳ ವಿಪರೀತವಾಗಿ ಅವರದೇ ಸಂಘದ ಕಟ್ಟಡವನ್ನು ಡೈನಮೈಟ್ ಇಟ್ಟು ಉಡಾಯಿಸಿದರು. ಸಂಘ ಒಡೆದು ಹೋಗಿದ್ದ ಕಾಲದಲ್ಲೇ ಬೆಂಕಿ ಬಿದ್ದದ್ದು.

ಮುಷ್ಕರಕ್ಕೆ ಬಲ ಕೊಡಲು ಐಡಬ್ಲ್ಯೂಡಬ್ಲ್ಯೂ (ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್) ಅನ್ನುವ ಕಾರ್ಮಿಕ ಸಂಘಟನೆಯ ಸಂಘಟಕ ಫ್ರ್ಯಾಂಕ್ ಲಿಟಲ್ ಊರಿಗೆ ಬಂದ. ಯುದ್ಧದ ವಿರುದ್ಧವೂ ಮಾತಾಡಿದ. 1917ರ ಆಗಸ್ಟ್ 1ರ ಬೆಳಗಿನ ಜಾವ ಮುಸುಕು ಹಾಕಿದ ಕೆಲವರು ಅವನನ್ನು ಬೋರ್ಡಿಂಗ್ ಮನೆಯಿಂದ ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಶವಯಾತ್ರೆಗೆ ಸಾವಿರಾರು ಜನ ಸೇರಿದರು. ಮೌಂಟನ್ ವ್ಯೂ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಬಂಡವಾಳದ ಹಿತಕ್ಕಾಗಿ ಅವನನ್ನು ಕೊಂದರು ಅಂತ ಕಲ್ಲಿನ ಮೇಲೆ ನೇರವಾಗಿ ಕೆತ್ತಿದೆ. ಸಂಸತ್ತಿಗೆ ಆರಿಸಿ ಬಂದ ಮೊದಲ ಅಮೆರಿಕನ್ ಮಹಿಳೆ ಜೆನೆಟ್ ರ್‍ಯಾಂಕಿನ್ ಇದೇ ಮೊಂಟಾನಾದವರು. ಆ ಆಗಸ್ಟ್‌ನಲ್ಲಿ ಅವರು ಬ್ಯೂಟ್‌ಗೆ ಬಂದು ಕಾರ್ಮಿಕರ ಪರವಾಗಿ ಮಾತಾಡಿದರು. ಸೇನೆ ಊರಿನಲ್ಲಿ ಬೀಡುಬಿಟ್ಟಿತು. ಆ ವರ್ಷದ ಕೊನೆಗೆ ಮುಷ್ಕರ ಮುರಿದುಬಿತ್ತು.

ಮಧ್ಯಾಹ್ನ ಬರ್ಕ್ಲಿ ಪಿಟ್. ಸಣ್ಣ ಸುರಂಗದ ಮೂಲಕ ನಡೆದು ಹೋದರೆ ವೀಕ್ಷಣಾ ಕಟ್ಟೆ. ಎದುರಿಗೆ ಸುಮಾರು ಒಂದು ಮೈಲಿ ಉದ್ದ, ಅರ್ಧ ಮೈಲಿ ಅಗಲದ ಗುಂಡಿ. ತುಂಬ ಕೆಂಪು-ಕಂದು ನೀರು. ನೀರಿನ ಆಳವೇ 900 ಅಡಿಗಿಂತ ಜಾಸ್ತಿ. 4,000 ಕೋಟಿ ಗ್ಯಾಲನ್‌ಗೂ ಮೀರಿದ ಆಮ್ಲದ ನೀರು, ಅದರಲ್ಲಿ ಕರಗಿದ ತಾಮ್ರ, ಸತು, ಕ್ಯಾಡ್ಮಿಯಂ, ಆರ್ಸೆನಿಕ್.

ಇದು ಹೇಗಾಯಿತು ಅಂದರೆ, 1950ರ ಹೊತ್ತಿಗೆ ಒಳ್ಳೆಯ ಅದಿರು ಕಡಿಮೆಯಾಗಿತ್ತು. ಉಳಿದದ್ದು ಕಲ್ಲಿನ ತುಂಬ ಹರಡಿಕೊಂಡ ಕಡಿಮೆ ದರ್ಜೆಯ ತಾಮ್ರ. ಸುರಂಗ ಕೊರೆದು ಅದನ್ನು ತೆಗೆದರೆ ಗಿಟ್ಟುವುದಿಲ್ಲ. 1955ರಲ್ಲಿ ಕಂಪನಿ ಗುಡ್ಡವನ್ನೇ ಮೇಲಿನಿಂದ ಅಗೆಯಲು ಶುರುಮಾಡಿತು. ಸುರಂಗದಲ್ಲಿ ನೂರಾರು ಜನ ಮಾಡುವ ಕೆಲಸವನ್ನು ಕೆಲವೇ ಜನ ದೊಡ್ಡ ಯಂತ್ರ, ಟ್ರಕ್ ಇಟ್ಟುಕೊಂಡು ಮಾಡಿದರು. ಗುಂಡಿ ದೊಡ್ಡದಾದಂತೆ ಊರಿನ ಕೇರಿಗಳೇ ಹೋದವು. ಇಟಾಲಿಯನ್ನರ ಮೀಡರ್‌ವಿಲ್, ಮಕ್ವೀನ್, ಈಸ್ಟ್ ಬ್ಯೂಟ್. ಮನೆ, ಶಾಲೆ, ಇಗರ್ಜಿ, ಹೋಟೆಲು, ಎಲ್ಲ. ಕ್ಲಾರ್ಕ್ ಜನರಿಗಾಗಿ ಕಟ್ಟಿಸಿದ್ದ ಕೊಲಂಬಿಯಾ ಗಾರ್ಡನ್ಸ್ ಅನ್ನುವ ಉದ್ಯಾನವನ್ನೂ 1973ರಲ್ಲಿ ಗಣಿಗಾಗಿ ಮುಚ್ಚಿದರು. ಮಕ್ಕಳಿಗೆ ಪುಕ್ಕಟೆ ಆಟ, ಹೂವಿನ ತೋಟ, ಮರದ ರೋಲರ್ ಕೋಸ್ಟರ್ ಇದ್ದ ಜಾಗ. ಊರಿನ ಹಳಬರನ್ನು ಮಾತಾಡಿಸಿದರೆ ಕೆಲಸ ಹೋದದ್ದಕ್ಕಿಂತ ಈ ತೋಟ ಹೋದ ವಿಷಯ ಮೊದಲು ಬರುತ್ತದೆ.

1971ರಲ್ಲಿ ಚಿಲಿ ದೇಶ ತನ್ನ ತಾಮ್ರದ ಗಣಿಗಳನ್ನು ರಾಷ್ಟ್ರೀಕರಿಸಿತು. ಅನಕೊಂಡ ಕಂಪನಿಯ ದೊಡ್ಡ ಆದಾಯ ಅಲ್ಲಿಂದಲೇ ಬರುತ್ತಿತ್ತು. ಕಂಪನಿ ಕುಸಿಯಿತು. 1977ರಲ್ಲಿ ಆರ್ಕೊ ಅನ್ನುವ ತೈಲ ಕಂಪನಿ ಅದನ್ನು ಕೊಂಡಿತು. 1982ರ ಏಪ್ರಿಲ್ 22ರಂದು ಕೆಲ್ಲಿ ಗಣಿಯ ಆಳದಲ್ಲಿದ್ದ ಪಂಪುಗಳನ್ನು ನಿಲ್ಲಿಸಿದರು. ಸಾವಿರಾರು ಮೈಲಿ ಸುರಂಗಗಳಲ್ಲಿ ನೀರು ಏರತೊಡಗಿತು, ಕೊನೆಗೆ ಗುಂಡಿಗೂ ಬಂತು. ಗಾಳಿ ಮತ್ತು ನೀರು ತಾಗಿದ ಗಂಧಕದ ಕಲ್ಲು ಆಮ್ಲ ಬಿಡುತ್ತದೆ. ಆಮ್ಲ ಕಲ್ಲಿನಲ್ಲಿರುವ ಲೋಹಗಳನ್ನು ಕರಗಿಸುತ್ತದೆ. 1983ರ ಮಧ್ಯದಲ್ಲಿ ಊರಿನ ಗಣಿಗಾರಿಕೆ ಪೂರ್ತಿ ನಿಂತಿತು. ಅದೇ ವರ್ಷ ಸರ್ಕಾರ ಈ ಪ್ರದೇಶವನ್ನು ಸೂಪರ್‌ಫಂಡ್ ಪಟ್ಟಿಗೆ, ಅಂದರೆ ದೇಶದ ಅತಿ ಕಲುಷಿತ ಜಾಗಗಳ ಪಟ್ಟಿಗೆ, ಸೇರಿಸಿತು.

1995ರ ನವೆಂಬರ್‌ನಲ್ಲಿ ವಲಸೆ ಹೊರಟ ಹಿಮಬಾತುಗಳ ಹಿಂಡು ಈ ನೀರಿಗೆ ಇಳಿಯಿತು. 342 ಹಕ್ಕಿಗಳು ಸತ್ತವು. 2016ರಲ್ಲಿ ಹಿಮಗಾಳಿಗೆ ಸಿಕ್ಕಿ ಮತ್ತೆ ಇಳಿದಾಗ ಸಾವಿರಗಟ್ಟಲೆ ಸತ್ತವು. ಈಗ ಹಕ್ಕಿ ಕಾಯಲೆಂದೇ ಜನ ಇದ್ದಾರೆ. ದುರ್ಬೀನು, ಬಂದೂಕಿನ ಸದ್ದು, ಲೇಸರ್, ಡ್ರೋನ್ ಬಳಸಿ ಇಳಿಯದಂತೆ ಓಡಿಸುತ್ತಾರೆ. ನೀರಿನ ಮಟ್ಟ ಸಮುದ್ರಮಟ್ಟದಿಂದ 5,410 ಅಡಿ ಮುಟ್ಟಬಾರದು ಅಂತ ಗೆರೆ ಹಾಕಿದ್ದಾರೆ. ದಾಟಿದರೆ ಊರಿನ ಅಂತರ್ಜಲಕ್ಕೆ, ಹಳ್ಳಕ್ಕೆ ಹರಿಯಬಹುದು. 2019ರಿಂದ ನೀರನ್ನು ಪಂಪು ಮಾಡಿ, ಶುದ್ಧ ಮಾಡಿ ಸಿಲ್ವರ್ ಬೋ ಹಳ್ಳಕ್ಕೆ ಬಿಡುತ್ತಿದ್ದಾರೆ.

ಚಿಕ್ಕಪ್ಪ ಕಟ್ಟೆಯ ಕಂಬಿ ಹಿಡಿದು ಕೇಳಿದರು: "ಈ ಪಂಪು ಎಲ್ಲಿವರೆಗೆ ಓಡಬೇಕು?" ಯಾವಾಗಲೂ, ಅಂದೆ. ಯೋಜನೆಯ ಕಾಗದಪತ್ರದಲ್ಲೇ ಹಾಗಿದೆ. ಕೊನೆಯ ತಾರೀಕು ಇಲ್ಲ.

ಭಾನುವಾರ

ಪೂರ್ವದ ಬೆಟ್ಟದ ನೆತ್ತಿಯ ಮೇಲೆ ಬಿಳಿಯ ಮೇರಿಮಾತೆಯ ಪ್ರತಿಮೆ ಇದೆ. 90 ಅಡಿ ಎತ್ತರ. ಹೆಂಡತಿಯ ಕ್ಯಾನ್ಸರ್ ವಾಸಿಯಾದರೆ ಕಟ್ಟಿಸುತ್ತೇನೆ ಅಂತ ಗಣಿಯ ಕೆಲಸಗಾರರೊಬ್ಬರು ಹೊತ್ತ ಹರಕೆ. ಮೊದಲಿಗೆ ಅಂಗಳದಲ್ಲಿ ಸಣ್ಣದೊಂದು ಮೂರ್ತಿ ಇಡುವ ಯೋಚನೆಯಿತ್ತು. ಗಣಿಗಳು ಮುಚ್ಚಿ ಕೈ ಖಾಲಿಯಾದ ಜನ ಸೇರಿಕೊಂಡರು. ಬೆಸುಗೆ ಹಾಕುವವರು, ಕ್ರೇನ್ ನಡೆಸುವವರು, ಟ್ರಕ್ ಡ್ರೈವರುಗಳು, ಎಲ್ಲ ಧರ್ಮದವರು, ಸಂಬಳವಿಲ್ಲದೆ ದುಡಿದರು. 1985ರ ಡಿಸೆಂಬರ್‌ನಲ್ಲಿ ಹೆಲಿಕಾಪ್ಟರ್‌ನಿಂದ ತುಂಡುತುಂಡಾಗಿ ಎತ್ತಿ ಜೋಡಿಸಿದರು. ಊರು ಕಂಗೆಟ್ಟಿದ್ದ ವರ್ಷಗಳಲ್ಲಿ ಕೈಯ ಕಸುಬು ಮರೆಯದಂತೆ ಅದು ಅವರನ್ನು ಹಿಡಿದಿಟ್ಟಿತು ಅಂತ ನನಗನ್ನಿಸುತ್ತದೆ.

ಆಮೇಲೆ ಊರು ಹೇಗೆ ಬದುಕಿತು? ಗಣಿ ಪೂರ್ತಿ ಹೋಗಲಿಲ್ಲ. ಡೆನಿಸ್ ವಾಷಿಂಗ್ಟನ್ ಅನ್ನುವ ಉದ್ಯಮಿ ಕೊಂಡು, 1986ರಲ್ಲಿ ಮೊಂಟಾನಾ ರಿಸೋರ್ಸಸ್ ಹೆಸರಿನಲ್ಲಿ ಪಕ್ಕದ ಕಾಂಟಿನೆಂಟಲ್ ಪಿಟ್ ಶುರುಮಾಡಿದರು. ತಾಮ್ರ, ಮಾಲಿಬ್ಡಿನಂ ತೆಗೆಯುತ್ತಾರೆ. 2000ದಲ್ಲಿ ವಿದ್ಯುತ್ ದರ ಗಗನಕ್ಕೇರಿದಾಗ ನಿಂತು, 2003ರಲ್ಲಿ ಮತ್ತೆ ಆರಂಭವಾಯಿತು. ಒಂದು ಕಾಲಕ್ಕೆ ಸಾವಿರಾರು ಜನ ಇಳಿಯುತ್ತಿದ್ದ ಗುಡ್ಡದಲ್ಲಿ ಈಗ ಕೆಲವು ನೂರು ಜನಕ್ಕೆ ಕೆಲಸ. ಉಳಿದವರಿಗೆ ಆಸ್ಪತ್ರೆ, ವಿದ್ಯುತ್ ಕಂಪನಿ, ಅಂಗಡಿ, ಪ್ರವಾಸೋದ್ಯಮ. 1900ರಲ್ಲಿ ಗಣಿ ಶಾಲೆಯಾಗಿ ಸ್ಥಾಪನೆಯಾದ ಮೊಂಟಾನಾ ಟೆಕ್ ಕಾಲೇಜು ಈಗ ಎಂಜಿನಿಯರುಗಳನ್ನೂ, ಕೆಟ್ಟ ನೆಲ ಸರಿಮಾಡುವ ತಜ್ಞರನ್ನೂ ಕಳಿಸುತ್ತದೆ. ಮಾಲಿನ್ಯ ತೊಳೆಯುವುದೇ ಇಲ್ಲಿ ಒಂದು ಕಸುಬು. ಮನೆಮನೆಗೆ ಹೋಗಿ ಅಂಗಳದ ಮಣ್ಣು, ಅಟ್ಟದ ದೂಳು ಪರೀಕ್ಷಿಸಿ ಸೀಸ, ಆರ್ಸೆನಿಕ್ ಇದ್ದರೆ ತೆಗೆಯುವ ಕಾರ್ಯಕ್ರಮ ಕೌಂಟಿಯಲ್ಲೇ ಇದೆ. ಕೆಜಿಎಫ್‌ನಲ್ಲಿ ಬೇಸಿಗೆಯ ಗಾಳಿಗೆ ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ಗುಡ್ಡಗಳ ದೂಳು ಮನೆಯೊಳಗೆ ಬರುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಅಲ್ಲಿಯೂ ಮನೆಮನೆಯ ಅಟ್ಟ ನೋಡಲು ಯಾರಾದರೂ ಬರಬೇಕಲ್ವಾ?

ಊಟ ಮುಗಿಸಿ ಪಶ್ಚಿಮಕ್ಕೆ ಹೊರಟೆವು. 25 ಮೈಲಿ ಆಚೆಗೆ ಅನಕೊಂಡ ಪಟ್ಟಣ. ಬ್ಯೂಟ್‌ನ ಅದಿರು ಕರಗಿಸಲು 1883ರಲ್ಲಿ ಡೇಲಿ ಕಟ್ಟಿಸಿದ ಊರು. ಮೊದಮೊದಲು ಬ್ಯೂಟ್‌ನಲ್ಲೇ ಬಯಲಿನಲ್ಲಿ ಅದಿರಿನ ರಾಶಿಗೆ ಸೌದೆ ಇಟ್ಟು ಸುಡುತ್ತಿದ್ದರು. ಗಂಧಕದ ಹೊಗೆಗೆ ಮರಗಳು ಸತ್ತವು, ಹಗಲಲ್ಲೂ ದೀಪ ಹಚ್ಚಬೇಕಿತ್ತು. ಕುಲುಮೆ ಇಲ್ಲಿಗೆ ಬಂದ ಮೇಲೆ ಹೊಗೆಯೂ ಇಲ್ಲಿಗೆ ಬಂತು. 1919ರಲ್ಲಿ ಕಟ್ಟಿದ 585 ಅಡಿಯ ಇಟ್ಟಿಗೆ ಚಿಮಣಿ ಈಗಲೂ ನಿಂತಿದೆ. 1980ರಲ್ಲಿ ಕುಲುಮೆ ಮುಚ್ಚಿತು. ಚಿಮಣಿಯನ್ನು ಉಳಿಸಿ ಅಂತ ಜನ ಹಟ ಹಿಡಿದರು, ಅದು ರಾಜ್ಯದ ಉದ್ಯಾನವಾಯಿತು. 2020ರ ಜನಗಣತಿಯಲ್ಲಿ ಅನಕೊಂಡ ಇರುವ ಕೌಂಟಿಯಲ್ಲಿ 9,421 ಜನ ಇದ್ದರು. ಹಳೆಯ ಕುಲುಮೆಯ ಜಾಗದಲ್ಲಿ ಮಣ್ಣು ಮುಚ್ಚಿ ಗಾಲ್ಫ್ ಮೈದಾನ ಮಾಡಿದ್ದಾರೆ. ಅದರ ಗುಂಡಿಗಳಲ್ಲಿ ಬಿಳಿ ಮರಳಿನ ಬದಲು ಕುಲುಮೆಯ ಕಪ್ಪು ಕಿಟ್ಟ.

ಬ್ಯೂಟ್‌ನಿಂದ ಹೊರಟ ಸಿಲ್ವರ್ ಬೋ ಹಳ್ಳ ಅನಕೊಂಡದ ಹತ್ತಿರ ವಾರ್ಮ್ ಸ್ಪ್ರಿಂಗ್ಸ್ ಕೊಳಗಳಿಗೆ ಬರುತ್ತದೆ. ಅಲ್ಲಿಂದ ಮುಂದೆ ಕ್ಲಾರ್ಕ್ ಫೋರ್ಕ್ ನದಿ. ಹಳ್ಳದಲ್ಲಿ ಹರಿದ ಗಣಿಯ ಕೆಸರು 120 ಮೈಲಿ ದೂರದ ಮಿಲ್‌ಟೌನ್ ಅಣೆಕಟ್ಟಿನ ತನಕ ಹೋಗಿ ಕೂತಿತ್ತು. 2008ರಲ್ಲಿ ಆ ಅಣೆಕಟ್ಟನ್ನೇ ಒಡೆದು ಕೆಸರು ಎತ್ತಿದರು. ಆ ಕೆಸರಿನ ದೊಡ್ಡ ಪಾಲನ್ನು ರೈಲಿನಲ್ಲಿ ತುಂಬಿ ಅನಕೊಂಡದ ಹತ್ತಿರಕ್ಕೇ ವಾಪಸ್ ತಂದು ಸುರಿದರು. ಮೇಲಿನ ಪಟ್ಟಣಗಳ ಜನಕ್ಕೆ ಅದರಿಂದ ಬೇಸರವಾದದ್ದು ಸಹಜ. ಹಳ್ಳದ ದಂಡೆಯ ವಿಷದ ಮಣ್ಣು ತೆಗೆದು ಹೊಸ ಮಣ್ಣು ಹಾಕಿ ವಿಲೋ ಗಿಡ ನೆಟ್ಟಿದ್ದಾರೆ. ದಶಕಗಟ್ಟಲೆ ಒಂದು ಮೀನೂ ಇಲ್ಲದಿದ್ದ ನೀರಿಗೆ ಟ್ರೌಟ್ ಮೀನು ಮರಳಿದೆ.

ಕೊಳದ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದ ಹಿರಿಯರೊಬ್ಬರನ್ನು ಚಿಕ್ಕಪ್ಪ ಮಾತಾಡಿಸಿದರು. ಅವರ ತಂದೆ ಕುಲುಮೆಯಲ್ಲಿ, ಅಜ್ಜ ಬ್ಯೂಟ್‌ನ ಗಣಿಯಲ್ಲಿ ದುಡಿದವರು. ಕೋಲಾರದ ಗಣಿ ಮೂರು ಕಿಲೋಮೀಟರಿಗಿಂತ ಆಳ ಇತ್ತು ಅಂತ ಕೇಳಿ ಅವರು ಗಾಳ ಪಕ್ಕಕ್ಕಿಟ್ಟರು. ಅಷ್ಟು ಕೆಳಗೆ ಬಿಸಿ ಎಷ್ಟಿತ್ತು, ಬಂಡೆ ಸಿಡಿಯುತ್ತಿತ್ತಾ, ಸತ್ತವರ ಹೆಸರು ಎಲ್ಲಾದರೂ ಬರೆದಿಟ್ಟಿದ್ದಾರಾ ಅಂತ ಒಂದೊಂದಾಗಿ ವಿಚಾರಿಸಿದರು. ಮೊದಲ ಎರಡಕ್ಕೆ ಚಿಕ್ಕಪ್ಪ ವಿವರವಾಗಿ ಉತ್ತರ ಕೊಟ್ಟರು. ಮೂರನೆಯದಕ್ಕೆ, ತಾನು ಕಂಡವರ ಹೆಸರುಗಳನ್ನು ಹೇಳತೊಡಗಿದರು. ನಾನು ಫೋನ್ ತೆಗೆದು ಬರೆದುಕೊಂಡೆ.